ಓಡುವ ಕುದುರೆ, ನಿಂತ ಚಿತ್ರ

'ನಾಗಾಲೋಟ' ಎಂಬ ನಮ್ಮ ಮಾತಿನೊಳಗೇ ನಾಲ್ಕು ಕಾಲುಗಳಿವೆ. ಆದರೆ ಓಟದ ಒಂದೊಂದು ಕ್ಷಣದಲ್ಲಿ ಆ ಕಾಲುಗಳು ಎಲ್ಲಿರುತ್ತವೆಂಬುದನ್ನು ಬರಿಗಣ್ಣು ಹಿಡಿಯಲಾರದು. ಫ್ರಾನ್ಸಿನ ಚಿತ್ರಕಾರ ಜೆರಿಕೊ 1821ರಲ್ಲಿ ಎಪ್ಸಮ್ ಡರ್ಬಿಯನ್ನು ಚಿತ್ರಿಸಿದಾಗ ಕುದುರೆಗಳ ಮುಂಗಾಲನ್ನು ಮುಂದಕ್ಕೂ ಹಿಂಗಾಲನ್ನು ಹಿಂದಕ್ಕೂ ಚಾಚಿ, ಅವುಗಳನ್ನು ಹುಲ್ಲಿನ ಮೇಲೆ ತೇಲಿಸಿದನು. ವೀರಗಲ್ಲುಗಳಲ್ಲಿ ಕುದುರೆ ಮುಂಗಾಲೆತ್ತಿ ನೆಗೆಯುವುದೂ ವೀರನ ಮಹಿಮೆಗಾಗಿಯೇ ಹೊರತು ಅಂಗರಚನೆಯ ಪಾಠಕ್ಕಾಗಿ ಅಲ್ಲ.

1878ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ದಾರಿಯ ಪಕ್ಕಕ್ಕೆ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ದಾರಿಗೆ ಅಡ್ಡಲಾಗಿ ನೂಲು ಕಟ್ಟಿದನು. ಸ್ಯಾಲಿ ಗಾರ್ಡನರ್ ಎಂಬ ಹೆಣ್ಣು ಕುದುರೆ ನೂಲುಗಳನ್ನು ಹರಿಯುತ್ತ ಓಡಿದಂತೆ ಒಂದೊಂದೇ ಶಟರು ತೆರೆದು ಮುಚ್ಚಿತು. ತನ್ನ ಚಿತ್ರವನ್ನು ಕುದುರೆಯೇ ತೆಗೆದುಕೊಂಡಿತೆನ್ನಬೇಕು! ನಾಲ್ಕೂ ಕಾಲುಗಳು ನೆಲ ಬಿಡುವುದು ದಿಟವೆಂದು ತಿಳಿಯಿತು. ಆದರೆ ಅವು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಕೂಡಿದಾಗ. ಅಲ್ಲಿಗೆ ಜೆರಿಕೊ ಸೋತನೆಂದು ಅನೇಕರು ಭಾವಿಸಿದರು. ಶಿಲ್ಪಿ ರೋಡಿನ್ ಒಪ್ಪಲಿಲ್ಲ. ಕಾಲ ನಿಲ್ಲುವುದಿಲ್ಲವಾದ್ದರಿಂದ ನಿಲ್ಲಿಸಿ ತೋರಿಸುವ ಛಾಯಾಚಿತ್ರವೇ ಸುಳ್ಳು, ಚಿತ್ರಕಾರನೇ ಸತ್ಯವಂತ ಎಂಬುದು ಅವನ ವಾದ.

ಈ ವಾದವನ್ನು ವಸ್ತುಸಂಗ್ರಹಾಲಯಕ್ಕೆ ಬಿಟ್ಟು ನಾವು ನಡೆಯುವಂತಿಲ್ಲ. ಕುದುರೆಯ ಓಟಕ್ಕೆ ಯಾವ ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳಬೇಕೆಂದು ಇಂದಿನ ತರುಣರು ಕೇಳುವಾಗ ಅದೇ ಪ್ರಶ್ನೆ ಬೇರೆ ಉಡುಪಿನಲ್ಲಿ ಬಂದು ನಿಲ್ಲುತ್ತದೆ. ಸೆಕೆಂಡಿಗೆ ಹದಿನಾರು ಮೀಟರ್ ಓಡುವ ಕುದುರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿಯೂ ಒಂದೂವರೆ ಸೆಂಟಿಮೀಟರಿನಷ್ಟು ಸರಿದಿರುತ್ತದೆ. ಅದರ ಕಾಲುಗಳು ಇನ್ನೂ ಹೆಚ್ಚು. ಅಷ್ಟು ಕಿರಿದಾದ ಅವಧಿಯಲ್ಲಿ ಬೆಳಕು ಸಾಲದು. 36×24 ಮಿಲಿಮೀಟರಿನ ದೊಡ್ಡ ಸೆನ್ಸರ್ ನೆರವಾಗುವುದು ಅಲ್ಲಿಯೇ. ಉಳಿದ ಕೆಲಸವನ್ನು ಯಂತ್ರವೇ ವಹಿಸಿಕೊಂಡಿದೆ. ಕೆನನ್ ಆರ್6ರ ಎರಡನೆಯ ಮಾದರಿ ಕುದುರೆಯನ್ನು ತಾನೇ ಗುರುತಿಸಿ ಹಿಂಬಾಲಿಸುತ್ತದೆ. 2023ರಲ್ಲಿ ಪ್ರಕಟವಾದ ಸೋನಿ ಎ9ರ ಮೂರನೆಯ ಮಾದರಿ ಸೆಕೆಂಡಿಗೆ 120 ಚಿತ್ರ ತೆಗೆಯಬಲ್ಲದು. ಗುಂಡಿ ಒತ್ತುವುದಕ್ಕೆ ಮೊದಲಿನ ಒಂದು ಸೆಕೆಂಡನ್ನೂ ನೆನಪಿಟ್ಟು ಕೊಡಬಲ್ಲದು. ನಾವು ನಿರ್ಧರಿಸುವ ಮುನ್ನವೇ ಚಿತ್ರ ಸಿದ್ಧ!

ಹಾಗಾದರೆ ಮನುಷ್ಯನಿಗೆ ಉಳಿದಿರುವುದೇನು? ಎಲ್ಲಿ ನಿಲ್ಲಬೇಕೆಂಬುದು, ಮತ್ತು ಮುಗಿದ ಮೇಲೆ ಯಾವುದನ್ನು ಉಳಿಸಬೇಕೆಂಬುದು. ಎರಡನೆಯದು ಬರಿಯ ಕೌಶಲವಲ್ಲ, ಧರ್ಮದ ಪ್ರಶ್ನೆ. ಬೇಲಿ ಹಾರುವ ಕುದುರೆಯ ನೂರೆಂಬತ್ತು ಚಿತ್ರಗಳಲ್ಲಿ ಒಂದರಲ್ಲಿ ಲಗಾಮು ಬಿಗಿದು ಬಾಯಿ ತೆರೆದಿದೆ, ಕಣ್ಣಿನ ಬಿಳಿ ಕಾಣುತ್ತಿದೆ. ಮರುಚಿತ್ರದಲ್ಲಿ ಅದೇ ಕುದುರೆ ಕಿವಿ ನಿಮಿರಿಸಿ ಹಗುರಾಗಿ ಇಳಿಯುತ್ತಿದೆ. ಎರಡೂ ನಡೆದದ್ದೇ. ಮೊದಲನೆಯದನ್ನು ಮಾತ್ರ ಅಚ್ಚುಹಾಕಿದರೆ ಸವಾರ ಕ್ರೂರಿಯಾಗುತ್ತಾನೆ. ಎರಡನೆಯದನ್ನು ಮಾತ್ರ ಹಾಕಿದರೆ, ಕ್ರೌರ್ಯ ನಿಜವಾಗಿ ಇದ್ದಲ್ಲಿ ಅದಕ್ಕೆ ಮರೆಯಾಗುತ್ತದೆ. ಒಂದು ಚಿತ್ರ ನಿಜವೋ ಎಂಬುದನ್ನು ಅದರ ಅಕ್ಕಪಕ್ಕದ ಚಿತ್ರಗಳನ್ನೇ ಕೇಳಬೇಕೆಂದು ನಮಗೆ ತೋರುತ್ತದೆ. ಬಾಯಿ ಹತ್ತು ಚಿತ್ರಗಳ ಉದ್ದಕ್ಕೂ ತೆರೆದೇ ಇದ್ದರೆ ಅದು ನೋವಿನ ಸಾಕ್ಷ್ಯ. ಒಂದರಲ್ಲಿ ಮಾತ್ರವಾದರೆ ಹಾದುಹೋದ ಕ್ಷಣ. ಮೈಬ್ರಿಜ್ ತನ್ನ ಹನ್ನೆರಡೂ ಚಿತ್ರಗಳನ್ನು ಒಂದೇ ಕಾರ್ಡಿನ ಮೇಲೆ ಸಾಲಾಗಿ ಪ್ರಕಟಿಸಿದ್ದನು. ರೋಡಿನ್ನನ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಕಾಣದು.

ಈ ದೃಷ್ಟಿಯಿಂದ ಕೊಳ್ಳುವ ವಿವೇಕವೂ ಬದಲಾಗುತ್ತದೆ. ವೇಗದ ಕ್ಯಾಮೆರಾ ಮಾರುವುದು ಸುಂದರ ಕ್ಷಣಗಳನ್ನಲ್ಲ, ಸಾಕ್ಷಿಗಳನ್ನು. ಸಾಕ್ಷಿಗಳ ಮಾತು ಕೇಳುವ ತಾಳ್ಮೆಯಿಲ್ಲದವನಿಗೆ 120 ಚಿತ್ರಗಳೇಕೆ? ಕುದುರೆ ನಾಲ್ಕು ಕಾಲುಗಳ ಒಂದು ಸುತ್ತನ್ನು ಅರ್ಧ ಸೆಕೆಂಡಿನೊಳಗೆ ಮುಗಿಸುತ್ತದೆ. ಸೆಕೆಂಡಿಗೆ ಇಪ್ಪತ್ತು ಚಿತ್ರವಾದರೂ ಸುತ್ತಿಗೆ ಎಂಟು ಸಾಕ್ಷಿಗಳು ಸಿಗುತ್ತವೆ. ಬಹುಮಟ್ಟಿಗೆ ಅಷ್ಟು ಸಾಕು. ಅದಕ್ಕಿಂತ ಮುಖ್ಯವಾದುದು ಸೆನ್ಸರ್ ಚಿತ್ರವನ್ನು ಎಷ್ಟು ಬೇಗ ಓದುತ್ತದೆಂಬುದು. ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಸಾಲುಸಾಲಾಗಿ ನಿಧಾನ ಓದುವ ಸೆನ್ಸರ್ ಓಡುವ ಕಾಲನ್ನು ಬಾಗಿಸಿ, ನೆಟ್ಟ ಕಂಬವನ್ನು ಓರೆಯಾಗಿಸಿ ತೋರಿಸುತ್ತದೆ. ಸಾಕ್ಷಿಯೇ ತೊದಲಿದರೆ ಮೆಗಾಪಿಕ್ಸೆಲ್ಲುಗಳ ಹೆಚ್ಚಳದಿಂದ ಪ್ರಯೋಜನವಿಲ್ಲ.

ಒಂದು ತೊಡಕು ಮಾತ್ರ ಯಾವ ಕ್ಯಾಮೆರಾದಿಂದಲೂ ಬಿಡುವುದಿಲ್ಲ. ಚಿತ್ರಕ್ಕೆ ಹಣ ಕೊಡುವವನು ಸವಾರ. ಅಂದದ ಚಿತ್ರವನ್ನು ಅವನು ಕೇಳುವುದು ಸಹಜ, ಕೊಡುವುದೂ ನ್ಯಾಯ. ಕುದುರೆಗೆ ಕೇಳುವ ಬಾಯಿಲ್ಲ. ನೋವು ಸಾಲಾಗಿ ಕಂಡುಬಂದ ದಿನ ಛಾಯಾಗ್ರಾಹಕನು ಆ ಸಾಲನ್ನು ಅಳಿಸದೆ, ಊರಿಗೆ ಹಂಚುವ ಮೊದಲು ಸವಾರನ ಮುಂದೆಯೇ ಇಡಬೇಕೆಂದು ನಾವು ಬಯಸುತ್ತೇವೆ. ಮುಂದಿನ ಪಂದ್ಯಕ್ಕೆ ಅವನು ಬೇರೊಬ್ಬನನ್ನು ಕರೆದರೂ ಕರೆಯಬಹುದು.