ಮೂಗಿಗಿಂತ ಮೂಗುತಿ ಭಾರವಾದಾಗ

ವಸ್ತುವೊಂದು ಹಳೆಯದಾಯಿತೆಂದು ತೀರ್ಮಾನಿಸುವವರು ಯಾರು? ಅದನ್ನು ಬಳಸುವವರೋ, ತಯಾರಿಸಿದವರೋ, ಅಥವಾ ಆ ವಸ್ತುವೇ ತನ್ನ ಸವಕಳಿಯ ಮೂಲಕ ಅದನ್ನು ಸಾರುತ್ತದೆಯೋ? ನೇಗಿಲು, ಬೀಸುವ ಕಲ್ಲುಗಳ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಸವೆದದ್ದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಿಳಿಯುತ್ತಿತ್ತು. ಇಂದು ಅದೇ ಪ್ರಶ್ನೆ, ವಿಶೇಷವಾಗಿ ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ, ಕಂಪ್ಯೂಟರಿನ ರೂಪ ತಾಳಿ ಬಂದಿದೆ. "ಆಟ ಸರಿಯಾಗಿ ಓಡುತ್ತಿಲ್ಲ, ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಬೇಕು" ಎಂದು ಮಗ ಕೇಳುತ್ತಾನೆ. ಅದೇನೆಂದೇ ಅರಿಯದ ಹೆತ್ತವರು ಒಂದೋ ಗದರುತ್ತಾರೆ, ಇಲ್ಲವೇ ಕೇಳಿದಷ್ಟು ಹಣ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಎರಡೂ ವಿಚಾರಮಾಡುವ ಶ್ರಮವನ್ನು ತಪ್ಪಿಸಿಕೊಳ್ಳುವ ದಾರಿಗಳೇ.

ಗದರುವವರ ಮಾತನ್ನು ಮೊದಲು ನೋಡೋಣ. ಓದಿಗೋ ಉದ್ಯೋಗಕ್ಕೋ ಆದರೆ ಖರ್ಚು ಮಾಡಬಹುದು, ಆಟಕ್ಕೇಕೆ ಎಂಬುದು ಅವರ ವಾದ. ಆದರೆ ಆಟವನ್ನು ಇಷ್ಟು ಹಗುರವಾಗಿ ತಳ್ಳಿಹಾಕಲಾಗದು. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಆಟವಿನೋದಗಳಿಗೂ ಸ್ಥಳ ಕೊಟ್ಟು ಚರ್ಚಿಸಿದ್ದಾರೆ. ದಣಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ದಣಿದ ಮನಸ್ಸಿಗೂ ಬೇಕು ಎಂಬುದು ಅವರ ನಿಲುವು. ಆಟದಲ್ಲಿ ಮಿತಿಮೀರುವುದನ್ನು ದೋಷವೆಂದ ಅವರು, ಆಟವೇ ಒಲ್ಲದ ಬಿಗುಮಾನವನ್ನೂ ದೋಷವೆಂದೇ ಎಣಿಸಿದ್ದು ಗಮನಾರ್ಹ. ಆದ್ದರಿಂದ ಆಟ ಸಲ್ಲುವುದೋ ಇಲ್ಲವೋ ಎಂಬ ವಾದವನ್ನು ಇಲ್ಲಿಗೇ ಬಿಡೋಣ. ಕಠಿಣವಾದ ಪ್ರಶ್ನೆ ಬೇರೆಯೇ ಇದೆ: ಎಷ್ಟು ಸಾಕು? ಆ 'ಸಾಕು' ಎಂಬುದರ ಅಳತೆಗೋಲನ್ನು ಎಲ್ಲಿಂದ ತರುವುದು?

ಇದನ್ನು ಒಂದು ನಿದರ್ಶನದೊಂದಿಗೆ ಯೋಚಿಸುವುದು ಒಳ್ಳೆಯದು. 2014ರಲ್ಲಿ ಕೊಂಡ ಕಂಪ್ಯೂಟರ್ ಒಂದಿದೆ ಎನ್ನೋಣ. ಇಂಟೆಲ್ ಕಂಪನಿಯ ನಾಲ್ಕನೆಯ ತಲೆಮಾರಿನ ಕೋರ್ ಐ5 ಪ್ರೊಸೆಸರ್, 8 ಜಿಬಿ ಮೆಮೊರಿ, ಸಾಧಾರಣ ಪವರ್ ಸಪ್ಲೈ, ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್. ಈ ಕಾರ್ಡಿನ ಕೆಲಸ ಪರದೆಯ ಚಿತ್ರವನ್ನು ಲೆಕ್ಕಹಾಕಿ ಬಿಡಿಸುವುದು. ಸಾಮಾನ್ಯ ಪರದೆಯೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕೂ ಮಿಕ್ಕ ಚುಕ್ಕಿಗಳಿರುತ್ತವೆ. ಆಟ ಸರಾಗವಾಗಿ ಸಾಗಬೇಕಾದರೆ ಅಷ್ಟೂ ಚುಕ್ಕಿಗಳ ಬಣ್ಣವನ್ನು ಸೆಕೆಂಡಿಗೆ 60 ಬಾರಿಯಾದರೂ ಹೊಸದಾಗಿ ನಿರ್ಧರಿಸಬೇಕು. ಹನ್ನೆರಡು ಕೋಟಿಗೂ ಹೆಚ್ಚು ನಿರ್ಧಾರಗಳು, ಒಂದೇ ಸೆಕೆಂಡಿನಲ್ಲಿ! ಕೇವಲ 60 ವ್ಯಾಟ್ ವಿದ್ಯುತ್ತಿನಲ್ಲಿ, ಅಂದರೆ ಹಳೆಯ ಕಾಲದ ಒಂದು ಬಲ್ಬಿನಷ್ಟು ವಿದ್ಯುತ್ತಿನಲ್ಲಿ, ಆ ಪುಟ್ಟ ಫಲಕ ತನ್ನ ಕೈಲಾದಷ್ಟನ್ನು ಮಾಡುತ್ತಾ ಬಂದಿದೆ.

ಅದು ಕೆಟ್ಟಿಲ್ಲ. ಆದರೂ 2025ರ ಅಕ್ಟೋಬರಿನೊಂದಿಗೆ ಆ ತಲೆಮಾರಿನ ಕಾರ್ಡುಗಳಿಗೆ ಹೊಸ ಆಟಗಳಿಗೆ ಹೊಂದುವ ಡ್ರೈವರ್ ತಂತ್ರಾಂಶ ಒದಗಿಸುವುದನ್ನು ಎನ್‌ವಿಡಿಯಾ ನಿಲ್ಲಿಸಿತು. 2028ರ ಅಕ್ಟೋಬರ್‌ವರೆಗೆ ಭದ್ರತೆಯ ತಿದ್ದುಪಡಿಗಳನ್ನು ಮಾತ್ರ ಕೊಡುವುದಾಗಿ ತಿಳಿಸಿತು. ಅದೇ ತಿಂಗಳ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವೂ ಮುಗಿಯಿತು. ನಾಲ್ಕನೆಯ ತಲೆಮಾರಿನ ಪ್ರೊಸೆಸರುಗಳಿಗೆ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಜಾಗವಿಲ್ಲ. ಕಂಪನಿಗಳನ್ನು ಇದಕ್ಕಾಗಿ ಶಪಿಸುವುದು ನ್ಯಾಯವಾಗದು. ಹನ್ನೊಂದು ವರ್ಷ ಒಂದು ವಸ್ತುವಿನ ಹೊಣೆ ಹೊರುವುದು ಕಡಿಮೆಯೇನಲ್ಲ. ಆದರೆ ತಯಾರಕನು ಕೈಬಿಟ್ಟನೆಂದ ಮಾತ್ರಕ್ಕೆ ವಸ್ತು ಸತ್ತಿತೆಂದು ನಾವೂ ನಂಬಬೇಕಾಗಿಲ್ಲ. ಹಳೆಯ ಆಟಗಳು ನಿನ್ನೆಯಂತೆ ಇಂದೂ ಓಡುತ್ತವೆ. ಬೇಕಾದವರಿಗೆ ಲಿನಕ್ಸಿನ ದಾರಿ ತೆರೆದೇ ಇದೆ. ಧೂಳು ಹೊಡೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ, ಆಟದೊಳಗಿನ ಚಿತ್ರದ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರೆ ಎಷ್ಟೋ ಬಾರಿ ಖರೀದಿಯ ಮಾತೇ ಮುಂದಕ್ಕೆ ಹೋಗುತ್ತದೆ.

ಅಷ್ಟಾದರೂ ಸಾಲದೆಂದಾದರೆ? ಆಗ ಕೊಳ್ಳುವವನು ಸಾಮಾನ್ಯವಾಗಿ ಅಂಗಡಿಯ ಬೆಲೆಪಟ್ಟಿಯಿಂದ ಆರಂಭಿಸುತ್ತಾನೆ. ನನ್ನ ಅಭಿಪ್ರಾಯದಲ್ಲಿ ತೊಡಕು ಶುರುವಾಗುವುದೇ ಅಲ್ಲಿ. ಆ ಪಟ್ಟಿಗೆ ಕೊನೆಯೆಂಬುದಿಲ್ಲ. ಪ್ರತಿಯೊಂದು ಕಾರ್ಡಿನ ಮೇಲೂ 'ಇನ್ನು ಸ್ವಲ್ಪವೇ ಹೆಚ್ಚು ಹಣ'ಕ್ಕೆ ಮತ್ತೊಂದು ಕಾರ್ಡ್ ಕುಳಿತಿರುತ್ತದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5090 ಒಂದೇ 575 ವ್ಯಾಟ್‌ವರೆಗೆ ವಿದ್ಯುತ್ತನ್ನು ಬಯಸುತ್ತದೆ. ನಮ್ಮ ನಿದರ್ಶನದ ಇಡೀ ಕಂಪ್ಯೂಟರಿಗೂ ಅಷ್ಟು ಬೇಕಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಪಟ್ಟಿಯನ್ನು ಮುಚ್ಚಿಟ್ಟು ಯಂತ್ರವನ್ನು ತೆರೆದರೆ ಉತ್ತರ ಬೇರೆ ರೀತಿಯಲ್ಲಿ ದೊರೆಯುತ್ತದೆ. ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿ ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಪವರ್ ಸಪ್ಲೈಯಿಂದ ಪ್ರತ್ಯೇಕ ತಂತಿ ಬರಬೇಕು. ಅಂಥ ತಂತಿ ಇಲ್ಲದ ಹಳೆಯ ಪವರ್ ಸಪ್ಲೈಗಳು ಬಹಳ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದ ಮನೆಗೆ 2019ರ ಜಿಟಿಎಕ್ಸ್ 1650ರಂಥ 75 ವ್ಯಾಟಿನ ಕಾರ್ಡೋ, 2024ರ 6 ಜಿಬಿ ಆರ್‌ಟಿಎಕ್ಸ್ 3050ರಂಥ 70 ವ್ಯಾಟಿನ ಕಾರ್ಡೋ ಒಪ್ಪುತ್ತದೆ. ಇನ್ನು ಪ್ರೊಸೆಸರ್. ಕಾರ್ಡ್ ಎಷ್ಟೇ ಬಲಿಷ್ಠವಾಗಿರಲಿ, ಹಳೆಯ ಪ್ರೊಸೆಸರ್ ಲೆಕ್ಕ ಮುಗಿಸಿ ಕೊಡುವವರೆಗೂ ಅದು ಕಾದು ನಿಲ್ಲಲೇಬೇಕು. ಎಳೆಯ ಎತ್ತನ್ನು ಮುದಿ ಎತ್ತಿನೊಡನೆ ಒಂದೇ ನೊಗಕ್ಕೆ ಹೂಡಿದರೆ ಗಾಡಿ ಮುದಿ ಎತ್ತಿನ ವೇಗದಲ್ಲೇ ಸಾಗುತ್ತದೆ.

ಹೊಸದೆಲ್ಲ ಹಳೆಯದಕ್ಕೆ ಹಿತವೆಂಬ ನಂಬಿಕೆಯೂ ಸರಿಯಲ್ಲ. 2022ರ ಜನವರಿಯಲ್ಲಿ ಎಎಂಡಿ ಕಂಪನಿ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಕಾರ್ಡನ್ನು ತಂದಿತು. ಕಡಿಮೆ ಹಣದವರಿಗೆಂದೇ ತಂದ ಕಾರ್ಡದು. ಆದರೆ ಕಂಪ್ಯೂಟರಿನೊಡನೆ ಮಾಹಿತಿ ಹಂಚಿಕೊಳ್ಳಲು ಅದಕ್ಕಿದ್ದದ್ದು ಹದಿನಾರು ಓಣಿಗಳಲ್ಲ, ಬರೀ ನಾಲ್ಕು. ಹೊಸ ಮಾದರಿಯ ಸ್ಲಾಟಿನಲ್ಲಿ ನಾಲ್ಕು ಓಣಿಗಳೂ ವೇಗವಾಗಿರುವುದರಿಂದ ಕೊರತೆ ಅಷ್ಟಾಗಿ ಕಾಣದು. ಹಳೆಯ ಮೂರನೆಯ ಆವೃತ್ತಿಯ ಸ್ಲಾಟಿನಲ್ಲಿ ಆ ವೇಗ ಅರ್ಧಕ್ಕಿಳಿಯುತ್ತದೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿ, ಉಳಿದದ್ದನ್ನು ಕಂಪ್ಯೂಟರಿನ ಮೆಮೊರಿಯಿಂದ ಈ ಕಿರಿದಾದ ದಾರಿಯಲ್ಲಿ ಹೊತ್ತು ತರಬೇಕಾದಾಗ ಆಟ ಮುಗ್ಗರಿಸುತ್ತದೆ. ಅಗ್ಗದ ಕಾರ್ಡ್ ಹೆಚ್ಚಾಗಿ ಬೇಕಾಗುವುದು ಹಳೆಯ ಕಂಪ್ಯೂಟರಿನವರಿಗೆ; ಅದು ಹೆಚ್ಚು ನಿರಾಸೆಗೊಳಿಸಿದ್ದೂ ಅವರನ್ನೇ. ಬಡವನ ಅಗತ್ಯವನ್ನು ಅವನ ಮನೆಯೊಳಗೆ ನಿಂತು ನೋಡದೆ ದೂರದಿಂದ ಊಹಿಸಿದರೆ ಹೀಗಾಗುತ್ತದೆ. ಇದು ಕಾರ್ಡಿಗೆ ಮಾತ್ರ ಅನ್ವಯಿಸುವ ಮಾತಲ್ಲವೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಯಂತ್ರದ ಮಿತಿಯನ್ನು ಒಪ್ಪದವನ ಮುಂದೆ ಮತ್ತೊಂದು ದಾರಿಯಿದೆ. ಕಾರ್ಡಿಗಾಗಿ ಪವರ್ ಸಪ್ಲೈ, ಅದಕ್ಕಾಗಿ ಪೆಟ್ಟಿಗೆ, ಕಾರ್ಡಿನ ಬಲ ವ್ಯರ್ಥವಾಗದಿರಲೆಂದು ಹೊಸ ಪ್ರೊಸೆಸರ್, ಅದಕ್ಕೆ ಹೊಂದುವ ಮದರ್‌ಬೋರ್ಡ್ ಮತ್ತು ಮೆಮೊರಿ, ಕೊನೆಗೆ ಇಷ್ಟೆಲ್ಲ ಇದ್ದು ಪರದೆ ಮಾತ್ರ ಹಳೆಯದೇ ಎಂಬ ಕೊರಗು. ಫ್ರಾನ್ಸಿನ ತತ್ವಜ್ಞಾನಿ ಡೆನಿ ದಿದೆರೋ 1769ರ ಸುಮಾರಿಗೆ ತನ್ನ ಹಳೆಯ ನಿಲುವಂಗಿಯನ್ನು ಕುರಿತು ಬರೆದ ಪ್ರಬಂಧದ ವಸ್ತು ಇದೇ. ಅವನಿಗೆ ಸೊಗಸಾದ ಹೊಸ ನಿಲುವಂಗಿಯೊಂದು ದೊರೆಯಿತು. ಅದರ ಪಕ್ಕದಲ್ಲಿ ಹುಲ್ಲಿನ ಕುರ್ಚಿ ಬಡವಾಗಿ ಕಂಡು ಚರ್ಮದ ಕುರ್ಚಿ ಬಂತು. ಆಮೇಲೆ ಒಂದೊಂದಾಗಿ ಕೋಣೆಯ ಉಳಿದ ಸಾಮಾನುಗಳೂ ಬದಲಾದವು. ಧರ್ಮಸಭೆಯೊಂದಿಗೆ ಜಗಳವಾಡುತ್ತಲೇ ಬದುಕಿದ ಈ ನಾಸ್ತಿಕ, ಆಶೆಯ ಸ್ವಭಾವವನ್ನು ಮಾತ್ರ ಯಾವ ವಿರಕ್ತನಿಗೂ ಕಡಿಮೆಯಿಲ್ಲದಂತೆ ಅರಿತಿದ್ದ. 1988ರಲ್ಲಿ ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕೆನ್ ಇಂಥ ಸರಣಿ ಖರೀದಿಗೆ ದಿದೆರೋನ ಹೆಸರನ್ನೇ ಇಟ್ಟರು. ದಿದೆರೋನ ಕೋಣೆಯಲ್ಲಿ ಎಲ್ಲಿ ನಿಲ್ಲಬೇಕೆಂದು ಹೇಳುವ ವಸ್ತು ಒಂದೂ ಇರಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಅದು ಇದೆ. ಅದರ 75 ವ್ಯಾಟಿನ ಸ್ಲಾಟ್ ಆಶೆಗೆ ಹಾಕಿದ ಬೇಲಿಯೆಂದು ಮಗನಿಗೆ ತೋರಬಹುದು. ಆದರೆ ಮನೆಯ ಆದಾಯ, ತಂಗಿಯ ಶಾಲಾಶುಲ್ಕ, ಅಜ್ಜಿಯ ಔಷಧಿ ಇವುಗಳನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ ಒಂದು ನಿಲುಗಡೆಯನ್ನು ಅದು ತೋರಿಸಿಕೊಡುತ್ತದೆಂಬುದನ್ನು ಮರೆಯಲಾಗದು.

ಹಣ ಉಳಿಸಲು ಹಲವರು ಬಳಸಿದ ಕಾರ್ಡನ್ನು ಅರಸುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆ ಇಂಥ ಬಿಡಿಭಾಗಗಳಿಗೆ ಹೆಸರಾದದ್ದು. ಬಳಸಿದ್ದನ್ನು ಕೊಳ್ಳುವುದರಲ್ಲಿ ಕೀಳೇನಿಲ್ಲ. ಒಂದು ಯಂತ್ರದ ಆಯಸ್ಸು ಅಷ್ಟು ಬೆಳೆಯುತ್ತದೆ. ಮನಸ್ಸಾಕ್ಷಿಯ ಪ್ರಶ್ನೆ ಏಳುವುದು ಮಾರುವವನ ಬಳಿ. ಇಥೀರಿಯಮ್ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ ಲಕ್ಷಾಂತರ ಕಾರ್ಡುಗಳು ಹಗಲಿರುಳೂ ದುಡಿದವು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ವ್ಯವಸ್ಥೆ ಬದಲಾಗಿ ಅವುಗಳ ಅಗತ್ಯ ತಪ್ಪಿದಾಗ ಬಳಸಿದ ಕಾರ್ಡುಗಳ ಪೇಟೆಗೆ ಅವು ಹರಿದು ಬಂದವು. ಅವುಗಳಲ್ಲಿ ಎಷ್ಟೋ ಇನ್ನೂ ಗಟ್ಟಿಯಾಗಿವೆ. ಎಷ್ಟೋ ಕಾರ್ಡುಗಳ ಫ್ಯಾನ್ ಸವೆದಿದೆ, ಮೆಮೊರಿ ಕಾವಿನಲ್ಲಿ ಬೆಂದಿದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಕಾರ್ಡಿನೊಳಗಿನ ತಂತ್ರಾಂಶ ತಿದ್ದಿ ಬೇರೊಂದು ಹೆಸರು ತೋರಿಸುವವರದು ನೇರ ವಂಚನೆ; ಅದರ ಬಗ್ಗೆ ಚರ್ಚೆಯೇ ಬೇಡ. ಸುಳ್ಳು ಹೇಳದೆ, ಕೇಳಲಿಲ್ಲವೆಂದು ಸುಮ್ಮನಿರುವವನ ವಿಷಯವೇನು?

ಈ ಪ್ರಶ್ನೆ ಕಂಪ್ಯೂಟರಿಗಿಂತ ಎರಡು ಸಾವಿರ ವರ್ಷ ಹಳೆಯದು. ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ರೋಮಿನ ಸಿಸೆರೋ ಒಂದು ಮನೆಯ ಮಾರಾಟವನ್ನು ಎತ್ತಿಕೊಳ್ಳುತ್ತಾನೆ. ಮನೆಯ ಮರ ಕೆಟ್ಟಿದೆ, ಕೋಣೆಗಳಲ್ಲಿ ಹಾವುಗಳಿವೆ, ಇದು ಮಾಲೀಕನೊಬ್ಬನಿಗೇ ಗೊತ್ತು. ಹೇಳದಿರುವುದೆಲ್ಲ ಮುಚ್ಚಿಡುವುದಾಗದು, ಕೊಳ್ಳೆಂದು ಯಾರೂ ಬಲವಂತ ಮಾಡಿಲ್ಲ ಎಂಬುದು ಬ್ಯಾಬಿಲೋನಿಯದ ಡಯೋಜಿನಿಸನ ವಾದ. ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತ ಇದು ಕೆಟ್ಟದ್ದೆನ್ನುತ್ತಾನೆ, ಏಕೆಂದರೆ ಇಲ್ಲಿ ಎದುರಿನವನು ತಪ್ಪುವಂತೆ ತಿಳಿದೂ ಬಿಡಲಾಗುತ್ತಿದೆ. ಸಿಸೆರೋ ಶಿಷ್ಯನ ಪಕ್ಷ ವಹಿಸಿದ. ನನ್ನ ಮತವೂ ಅತ್ತಲೇ. ಕಾರ್ಡ್ ಎರಡು ವರ್ಷ ಗಣಿಗಾರಿಕೆಯಲ್ಲಿತ್ತೆಂದು ಹೇಳಿದರೆ ಬೆಲೆ ಇಳಿಯುತ್ತದೆ, ನಿಜ. ಆದರೆ ಆ ಇಳಿದ ಬೆಲೆಯೇ ಅದರ ಬೆಲೆ. ಹೇಳದೆ ಪಡೆದ ಹೆಚ್ಚಿನ ಹಣ, ಅಪ್ಪನಿಂದ ಪಡೆದ ಹಣವನ್ನು ಹಿಡಿದು ಬಂದ ಹುಡುಗನೊಬ್ಬನ ಅರಿಯಮೆಯ ಮೇಲೆ ವಸೂಲಿ ಮಾಡಿದ ಸುಂಕ.

ಕೊನೆಯದಾಗಿ, ಯಂತ್ರದಿಂದ ಹೊರಬಂದ ಆ 750 ಟಿಐ. ಹೆಚ್ಚಿನ ಮನೆಗಳಲ್ಲಿ ಅದು ಕಪಾಟಿನ ಮೂಲೆ ಸೇರುತ್ತದೆ, ನಾಲ್ಕು ವರ್ಷ ಬಿಟ್ಟು ಗುಜರಿಗೆ. 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ದಾಖಲಾದದ್ದು ನಾಲ್ಕನೆಯ ಒಂದು ಪಾಲಿಗೂ ಕಡಿಮೆ. ಆದರೆ ಆ ಕಾರ್ಡಿಗೆ ಬೇಕಾದದ್ದು ಒಂದು ಸ್ಲಾಟ್ ಮತ್ತು 60 ವ್ಯಾಟ್, ಅಷ್ಟೇ. ಮದರ್‌ಬೋರ್ಡಿನ ಚಿತ್ರದ ಕಿಂಡಿ ಕೆಟ್ಟು ಮೂಲೆಗೆ ಬಿದ್ದಿರುವ ಕಂಪ್ಯೂಟರ್ ನೆರೆಮನೆಯಲ್ಲೋ ಪಕ್ಕದ ಶಾಲೆಯಲ್ಲೋ ಇದ್ದೀತು. ಹೊಸ ಕಾರ್ಡ್ ಮನೆಗೆ ಬರುವ ಮುನ್ನವೇ ವಿಚಾರಿಸಿ ನೋಡಬಹುದು.