ಡಿಸೆಂಬರ್ ಸಂಜೆಯ ಸ್ವಾತಿ

ಕೆಲವು ವರ್ಷಗಳ ಹಿಂದಿನ ಮಾತು. ಡಿಸೆಂಬರ್ 5ರ ಸಂಜೆ, ತುಮಕೂರಿನ ಕಡೆಯ ಒಂದು ಹಳ್ಳಿ ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಆಕಾಶ ತೋರಿಸುವ ಕಾರ್ಯಕ್ರಮ. ನನ್ನ ಬಳಿ ಗೆಳೆಯನೊಬ್ಬನಿಂದ ಎರವಲು ತಂದ ಕಂಪ್ಯೂಟರ್ ಟೆಲಿಸ್ಕೋಪ್ ಇತ್ತು. ಇಂಥದ್ದು ತೋರಿಸು ಎಂದು ಗುಂಡಿ ಒತ್ತಿದರೆ ತಾನೇ ತಿರುಗಿ ಅದರತ್ತ ಮುಖ ಮಾಡುವ ಯಂತ್ರ. ಹವ್ಯಾಸಿಗಳ ಬಾಯಲ್ಲಿ ಅದು ‘ಗೋಟು’. ಟಿವಿ ರಿಮೋಟಿನಂಥ ಅದರ ಕೈಪೆಟ್ಟಿಗೆಯಲ್ಲಿ ಊರು, ತಾರೀಖು, ಗಂಟೆ ಎಲ್ಲ ಒತ್ತಿದೆ. ಹೊಂದಾಣಿಕೆಗೆಂದು ಅದು ಎರಡು ನಕ್ಷತ್ರ ಸೂಚಿಸಿತು: ಸ್ವಾತಿ, ಚಿತ್ತಾ. ಆಗಲಿ ಎಂದೆ. ಮೋಟಾರು ಗುಂಯ್ ಎನ್ನುತ್ತಾ ಪೂರ್ವಕ್ಕೆ ತಿರುಗಿತು, ಮೂತಿ ಎತ್ತಿತು, ಸೀದಾ ಕೃತ್ತಿಕೆಯ ಗೊಂಚಲಿನ ಪಕ್ಕಕ್ಕೆ ಹೋಗಿ ನಿಂತಿತು. ಇದೇ ಸ್ವಾತಿ ಎಂದು ಪರದೆಯ ಮೇಲೆ ಬರೆದುಕೊಂಡಿತ್ತು.

ಮೊಮ್ಮಗಳನ್ನು ಕರೆತಂದಿದ್ದ ಯಜಮಾನರೊಬ್ಬರು ಟವೆಲ್ ಹೊದ್ದು ಜಗುಲಿಯ ಮೇಲೆ ಕೂತಿದ್ದರು. ನಾನು ಮಕ್ಕಳಿಗೆ “ಈಗ ಸ್ವಾತಿ ನಕ್ಷತ್ರಕ್ಕೆ ಗುರಿ ಇಡ್ತಿದೀನಿ” ಎಂದದ್ದು ಅವರ ಕಿವಿಗೆ ಬಿತ್ತು. “ಸ್ವಾತಿ ಮಳೆ ಹೋಗಿ ತಿಂಗಳಾಯ್ತಲ್ಲ ಸ್ವಾಮಿ. ಸೂರ್ಯ ಈಗಷ್ಟೇ ದಾಟಿ ಬಂದಿರೋ ನಕ್ಷತ್ರ ಸಂಜೆ ಹೊತ್ತು ಹೆಂಗೆ ಕಾಣ್ತದೆ? ಅದು ಬೆಳಗಿನ ಜಾವದ್ದು” ಎಂದರು. ನನಗೆ ಮೈ ಬೆವೆತಿತು. ಪಂಚಾಂಗದ ಮಳೆ ನಕ್ಷತ್ರ ಎಂದರೆ ಸೂರ್ಯ ಇರುವ ನಕ್ಷತ್ರವೇ ತಾನೆ. ಸೂರ್ಯ ದಾಟಿ ಬಂದ ನಕ್ಷತ್ರ ಸೂರ್ಯನಿಗಿಂತ ಮೊದಲು ಮುಳುಗುತ್ತದೆ, ಮೊದಲು ಹುಟ್ಟುತ್ತದೆ. ಅಷ್ಟು ಸರಳ ಲೆಕ್ಕ. ಅಲ್ಲದೆ ಕೃತ್ತಿಕೆಯಿಂದ ಎಣಿಸಿದರೆ ಸ್ವಾತಿ ಹನ್ನೆರಡು ನಕ್ಷತ್ರ ಆಚೆ, ಹೆಚ್ಚುಕಡಿಮೆ ಆಕಾಶದ ಎದುರು ಮಗ್ಗುಲಲ್ಲಿ. ಒಂದು ಮೂಡುವ ಹೊತ್ತಿಗೆ ಇನ್ನೊಂದು ಮುಳುಗಬೇಕು.

ಆಗಿದ್ದು ಇಷ್ಟು. ಯಂತ್ರದ್ದು ಅಮೆರಿಕದ ರೂಢಿ, ಅಲ್ಲಿ ತಿಂಗಳು ಮೊದಲು. ನಾನು 05-12 ಎಂದು ಒತ್ತಿದ್ದೆ, ಅದು ಮೇ 12 ಎಂದು ಓದಿಕೊಂಡಿತ್ತು. ಮೇ 12ರ ರಾತ್ರಿ ಎಂಟಕ್ಕೆ ನಮ್ಮೂರಿನ ಪೂರ್ವದಲ್ಲಿ ಸ್ವಾತಿ, ಚಿತ್ತಾ ಎರಡೂ ಚೆನ್ನಾಗಿ ಮೇಲೆ ಬಂದಿರುತ್ತವೆ. ಯಂತ್ರದ ಗಣಿತದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪು ನನ್ನದು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಕೃತ್ತಿಕೆ ಕಣ್ಣೆದುರೇ ಇದ್ದರೂ ನಾನು ಪರದೆಯನ್ನು ನಂಬಿದ್ದು.

ತಾರೀಖು ಸರಿಪಡಿಸಿದ ಮೇಲೆ ಗೋಟು ಚೆನ್ನಾಗಿಯೇ ದುಡಿಯಿತು. ಒಂದು ಗಂಟೆಯಲ್ಲಿ ಹನ್ನೆರಡು ಬೇರೆ ಬೇರೆ ಕಾಯಗಳನ್ನು ತೋರಿಸಿತು. ಸಾಲು ಮುಂದೆ ಸರಿಯುತ್ತಿತ್ತು, ಮಕ್ಕಳು ಕಣ್ಣಿಟ್ಟು “ಹ್ಞೂಂ” ಎಂದು ಇಳಿಯುತ್ತಿದ್ದರು. ಆಂಡ್ರೊಮಿಡಾ ಗೆಲಾಕ್ಸಿ ಬಂದಾಗ ಒಬ್ಬ ಹುಡುಗ “ಇಷ್ಟೇನಾ ಸಾರ್?” ಎಂದ. ಅವನದೇನೂ ತಪ್ಪಿಲ್ಲ. ಇಪ್ಪತ್ತೈದು ಲಕ್ಷ ಜ್ಯೋತಿರ್ವರ್ಷ ದೂರದ ಆ ಗೆಲಾಕ್ಸಿ ಸಣ್ಣ ದೂರದರ್ಶಕದಲ್ಲಿ ಒದ್ದೆ ಬೆರಳಲ್ಲಿ ಗಾಜು ಒರೆಸಿದ ಕಲೆಯಂತೆ ಕಾಣುತ್ತದೆ. ಮೊಬೈಲಿನಲ್ಲಿ ಬಣ್ಣಬಣ್ಣದ ಗೆಲಾಕ್ಸಿ ನೋಡಿದವನು ಇನ್ನೇನು ಹೇಳಿಯಾನು?

ಬ್ಯಾಟರಿ ಮುಗಿದದ್ದು ಪುಣ್ಯವೇ ಇರಬೇಕು. ಕಾರಿನಲ್ಲಿ ನನ್ನ ಹಳೆಯ ಆರಿಂಚಿನ ಡಾಬ್ಸೋನಿಯನ್ ಇತ್ತು. ಡಬ್ಬದ ಮೇಲೆ ಕೂರಿಸಿದ ಕೊಳವೆ ಅದು, ಕೈಯಿಂದ ತಳ್ಳಿದರೆ ತಿರುಗುತ್ತದೆ. ಈ ಡಬ್ಬದ ವಿನ್ಯಾಸವನ್ನು ಜನಪ್ರಿಯಗೊಳಿಸಿದ ಜಾನ್ ಡಾಬ್ಸನ್ 1944ರಿಂದ 1967ರವರೆಗೆ, ಇಪ್ಪತ್ತಮೂರು ವರ್ಷ, ಅಮೆರಿಕದಲ್ಲಿ ರಾಮಕೃಷ್ಣ ಪರಂಪರೆಯ ಸಂನ್ಯಾಸಿಯಾಗಿದ್ದವರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ದಾರಿಹೋಕರನ್ನು ಕರೆಕರೆದು ಚಂದ್ರನನ್ನು ತೋರಿಸಿದರು.

ಈ ಡಬ್ಬಕ್ಕೆ ಆಂಡ್ರೊಮಿಡಾ ಎಲ್ಲಿದೆ ಎಂದು ಗೊತ್ತಿಲ್ಲ. ದಾರಿ ನಾವೇ ಹುಡುಕಬೇಕು. ಮಲೆನಾಡಿನವರು ಹೊಳೆ ದಾಟುವಂತೆ ಇಲ್ಲಿಯೂ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಕಾಲಿಟ್ಟು ಹೋಗಬೇಕು, ಕಲ್ಲಿನ ಬದಲು ನಕ್ಷತ್ರ ಅಷ್ಟೆ. ಹವ್ಯಾಸಿಗಳು ಇದನ್ನೇ ಸ್ಟಾರ್ ಹಾಪಿಂಗ್ ಎನ್ನುತ್ತಾರೆ. ನನ್ನ ಕಣ್ಣುಗಾಜಿನಲ್ಲಿ ಒಂದು ಸಲಕ್ಕೆ ಕಾಣುವುದು ಆಕಾಶದ ಒಂದು ಡಿಗ್ರಿ, ಕೈ ಚಾಚಿ ಹಿಡಿದ ಕಿರುಬೆರಳಿನ ಅಗಲ. ಇಡೀ ಆಕಾಶವನ್ನು ಹಾಗೆ ತುಣುಕು ತುಣುಕಾಗಿ ನೋಡಲು ಹೊರಟರೆ ಐವತ್ತು ಸಾವಿರ ತುಣುಕು. ಕುರುಡಾಗಿ ತಡಕಾಡಿದರೆ ಸಿಕ್ಕುವುದಿಲ್ಲ.

ಯಜಮಾನರನ್ನೇ ಕರೆದೆ. ನೆತ್ತಿಯ ಮೇಲೆ ದೊಡ್ಡ ಚೌಕ ಕಾಣುತ್ತದಲ್ಲ, ಮೂಲೆಗೊಂದು ನಕ್ಷತ್ರ, ಅದರ ಪಶ್ಚಿಮದ ಎರಡು ಪೂರ್ವಾಭಾದ್ರ, ಪೂರ್ವದ ಎರಡು ಉತ್ತರಾಭಾದ್ರ ಎಂದೆ. ಹಳೆಯವರು ಇದನ್ನು ಪ್ರೋಷ್ಠಪದ ಎಂದಿದ್ದರು, ಮಂಚದ ಕಾಲು. ಅವರು ತಲೆ ಎತ್ತಿ ತುಂಬಾ ಹೊತ್ತು ನೋಡಿದರು. ಅವರದು ಉತ್ತರಾಭಾದ್ರವೇ ಜನ್ಮ ನಕ್ಷತ್ರವಂತೆ. ಎಪ್ಪತ್ತು ವರ್ಷ ಅರ್ಚನೆಗೆ ಹೇಳುತ್ತಾ ಬಂದ ಹೆಸರು. “ಇದೇನಾ ಅದು? ನಾನು ಇವತ್ತೇ ನೋಡ್ತಿರೋದು” ಎಂದರು. ಕೃತ್ತಿಕೆಯನ್ನು ಯಾರು ಬೇಕಾದರೂ ಗುರುತಿಸುತ್ತಾರೆ, ಅದರ ಆಚೆಗೆ ಅವರ ಬಳಿಯೂ ಇದ್ದದ್ದು ಲೆಕ್ಕ ಮಾತ್ರ. ನನ್ನ ಗೋಟುವಿನ ಹಾಗೆ.

ಚೌಕದ ಈಶಾನ್ಯ ಮೂಲೆಯ ನಕ್ಷತ್ರದಿಂದ ಹೊರಟೆವು. ಅಲ್ಲಿಂದ ಈಶಾನ್ಯಕ್ಕೇ ಒಂದೂವರೆ ಮುಷ್ಟಿ ದೂರ ಹೋದರೆ, ನಡುವೆ ಮಂಕಾದ ಒಂದನ್ನು ದಾಟಿ, ಕೆಂಪು ಛಾಯೆಯ ಮೀರಾಕ್ ಸಿಗುತ್ತದೆ. ಅಲ್ಲಿ ವಾಯವ್ಯಕ್ಕೆ ತಿರುಗಬೇಕು. ಇನ್ನೂ ಮಂಕಾದ ಎರಡು ನಕ್ಷತ್ರ, ಮ್ಯೂ ಮತ್ತು ನ್ಯೂ, ಒಂದರ ಹಿಂದೊಂದು. ನ್ಯೂ ನಕ್ಷತ್ರದ ಬಗಲಲ್ಲೇ, ಒಂದು ಡಿಗ್ರಿ ಚಿಲ್ಲರೆ ದೂರದಲ್ಲಿ, ಗೆಲಾಕ್ಸಿ. ಬರೆಯುವಾಗ ಇಷ್ಟು ಸಲೀಸು. ತಳ್ಳಲು ಹೋದರೆ ಕೊಳವೆಯಲ್ಲಿ ಎಲ್ಲ ತಲೆಕೆಳಗು, ಎಡಕ್ಕೆ ಅಂದರೆ ಬಲಕ್ಕೆ ಓಡುತ್ತದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಹಟ ಹಿಡಿದು ತಳ್ಳಿದಳು. ಮೂರು ಸಲ ಮೀರಾಕ್‌ನಲ್ಲೇ ದಾರಿ ತಪ್ಪಿ ಮತ್ತೆ ಚೌಕಕ್ಕೆ ವಾಪಸು ಬಂದಳು. ನಾಲ್ಕನೆಯ ಸಲ, “ಸಾರ್, ಮೀರಾಕ್ ಪಕ್ಕದಲ್ಲಿ ಏನೋ ಉಜ್ಜಿದ ಹಾಗಿದೆ, ಲೆನ್ಸ್ ಕೊಳೆಯಾಗಿದೆಯಾ?” ಎಂದು ಕೇಳಿದಳು.

ಕೊಳೆಯಲ್ಲ ಅದು, ಎನ್‌ಜಿಸಿ 404. ಆಂಡ್ರೊಮಿಡಾಕ್ಕಿಂತ ಎಷ್ಟೋ ದೂರದ ಬೇರೆಯೇ ಒಂದು ಪುಟ್ಟ ಗೆಲಾಕ್ಸಿ. ಮೀರಾಕ್‌ನ ಪ್ರಖರತೆಯ ಮಗ್ಗುಲಲ್ಲಿ ಮಂಕಾಗಿ ಅಡಗಿರುವುದರಿಂದ ‘ಮೀರಾಕ್‌ನ ಭೂತ’ ಎಂಬ ಅಡ್ಡಹೆಸರು. ಎಷ್ಟೋ ಹವ್ಯಾಸಿಗಳು ಅದನ್ನು ಗಾಜಿನ ಪ್ರತಿಫಲನ ಎಂದುಕೊಂಡು ಮುಂದೆ ಹೋಗುತ್ತಾರೆ. ಗೋಟುವಿನ ಪಟ್ಟಿಯಲ್ಲೂ ಅದು ಇದೆ, ಕೇಳಿದರೆ ಕ್ಷಣದಲ್ಲಿ ತೋರಿಸುತ್ತದೆ. ಆದರೆ ಕೇಳಬೇಕಾದರೆ ಅದಿದೆ ಎಂದು ನಮಗೆ ಮೊದಲೇ ಗೊತ್ತಿರಬೇಕು. ಆ ಹುಡುಗಿಗೆ ಗೊತ್ತಿರಲಿಲ್ಲ, ದಾರಿ ತಪ್ಪಿದ್ದರಿಂದ ಸಿಕ್ಕಿತು. ಆಮೇಲೆ ಆಂಡ್ರೊಮಿಡಾವನ್ನೂ ಹಿಡಿದಳು. ಮೊದಲಿನ ಅದೇ ಬಿಳಿ ಕಲೆಯೇ. “ಇಷ್ಟೇನಾ” ಎನ್ನಲಿಲ್ಲ. ತಂಗಿಯನ್ನು ಕರೆಯಲು ಓಡಿದಳು.

ನೋಡುವ ಕಣ್ಣು ಎಷ್ಟು ದೂರ ಹೋಗಬಹುದು ಎಂದು ಯೋಚಿಸುವಾಗೆಲ್ಲ ನನಗೆ ಆಸ್ಟ್ರೇಲಿಯಾದ ರಾಬರ್ಟ್ ಇವಾನ್ಸ್ ನೆನಪಾಗುತ್ತಾರೆ. ವೃತ್ತಿಯಿಂದ ಚರ್ಚಿನ ಪಾದ್ರಿ. ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಬೆಟ್ಟದೂರಿನಲ್ಲಿ ಹತ್ತು, ಹನ್ನೆರಡು, ಹದಿನಾರು ಇಂಚಿನ ದೂರದರ್ಶಕಗಳನ್ನು ಕೈಯಿಂದ ತಿರುಗಿಸುತ್ತಾ ಕೂರುತ್ತಿದ್ದರು. ನೂರಾರು ಗೆಲಾಕ್ಸಿಗಳ ಸುತ್ತಲ ನಕ್ಷತ್ರ ಹಾಸು ಅವರಿಗೆ ಬಾಯಿಪಾಠ. ಒಂದು ಗೆಲಾಕ್ಸಿಗೆ ಕಣ್ಣಿಟ್ಟ ಕೆಲವೇ ಕ್ಷಣಗಳಲ್ಲಿ, ನಿನ್ನೆ ಇರದ ಒಂದು ಚುಕ್ಕಿ ಇವತ್ತಿದೆ ಎಂದು ಗೊತ್ತಾಗುತ್ತಿತ್ತು. ಆ ಚುಕ್ಕಿ ಎಂದರೆ ಸ್ಫೋಟಿಸಿ ಸಾಯುತ್ತಿರುವ ನಕ್ಷತ್ರ, ಸೂಪರ್‌ನೋವಾ. 1981ರಿಂದಾಚೆಗೆ ಅವರು ದೂರದರ್ಶಕಕ್ಕೆ ಕಣ್ಣಿಟ್ಟೇ ಹಾಗೆ ಪತ್ತೆ ಹಚ್ಚಿದ್ದು 42. ಊರಿನ ಶಾನುಭೋಗನಿಗೆ ಪ್ರತಿ ಮನೆಯ ಮಂದಿ ಗೊತ್ತಿದ್ದ ಹಾಗೆ ಅವರಿಗೆ ಆಕಾಶದ ಕೇರಿಕೇರಿ ಗೊತ್ತಿತ್ತು. 2022ರಲ್ಲಿ ತೀರಿಕೊಂಡರು.

ಅವರ ಕಾಲದಲ್ಲೇ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದ ರೋಬೊ ದೂರದರ್ಶಕ, ರಾತ್ರಿಯಿಡೀ ತಾನೇ ಫೋಟೊ ತೆಗೆದು ಹೋಲಿಸುತ್ತಾ, ನೂರಾರು ಸೂಪರ್‌ನೋವಾ ಹುಡುಕಿತು ಎಂಬುದನ್ನೂ ಹೇಳಬೇಕು. ಎಣಿಕೆಯ ಪಂದ್ಯದಲ್ಲಿ ಕಣ್ಣು ಸೋತು ಎಷ್ಟೋ ಕಾಲವಾಯಿತು. ಹಾಗಾಗಿ ವಿಜ್ಞಾನ ಉಳಿಯಬೇಕಾದರೆ ಕೈಯಿಂದಲೇ ಹುಡುಕಬೇಕು ಎಂಬ ವಾದ ನನ್ನದಲ್ಲ.

ಮಡಿವಂತರ ಸಾಲಿಗೂ ನಾನು ಸೇರುವವನಲ್ಲ. ಅಮೆರಿಕದ ಅಸ್ಟ್ರಾನಾಮಿಕಲ್ ಲೀಗ್ ಒಂದು ಪ್ರಮಾಣಪತ್ರ ಕೊಡುತ್ತದೆ. ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೆ ಧೂಮಕೇತು ಹುಡುಕುವಾಗ ಮೋಸ ಮಾಡುತ್ತಿದ್ದ ಮಸುಕು ಕಲೆಗಳ ಪಟ್ಟಿ ಮಾಡಿದನಲ್ಲ, ಅವು ಈಗ 110. ಅವನ್ನು ಗೋಟು ಇಲ್ಲದೆ ಹುಡುಕಿದವರಿಗೆ ಮಾತ್ರ ಪತ್ರ. ನಿಯಮ ಒಳ್ಳೆಯದೇ. ಆದರೆ ಬೆನ್ನು ನೋವಿರುವವರು, ಕಣ್ಣು ಮಂಜಾದವರು, ವಾರಕ್ಕೊಂದು ಗಂಟೆ ಬಿಡುವು ಸಿಕ್ಕುವ ತಾಯಂದಿರು ಗೋಟು ಹಿಡಿದರೆ ಮೂಗು ಮುರಿಯುವುದು ಏಕೆ? ಫೋಟೊ ತೆಗೆಯುವವರಿಗಂತೂ ಮೋಟಾರು ಬೇಕೇ ಬೇಕು. 1992ರಲ್ಲಿ ಮೀಡ್ ಕಂಪನಿಯ ಎಲ್‌ಎಕ್ಸ್ 200 ಬಂದಾಗ ಇದು ಶ್ರೀಮಂತರ ಆಟಿಕೆಯಾಗಿತ್ತು. 2023ರಲ್ಲಿ ಬಂದ ಸೀಸ್ಟಾರ್ ಎಸ್ 50ಕ್ಕೆ ಕಣ್ಣಿಡುವ ತೂತೇ ಇಲ್ಲ. ಅದು ತಾನೇ ನಕ್ಷತ್ರಗಳ ಫೋಟೊ ಹಿಡಿದು, ನಕ್ಷೆಗೆ ಹೋಲಿಸಿ, ತಾನೆಲ್ಲಿದ್ದೇನೆಂದು ಕಂಡುಕೊಂಡು, ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಫೋನಿಗೆ ಕಳಿಸುತ್ತದೆ. ತಾರೀಖು ತಪ್ಪು ಒತ್ತುವ ನನ್ನಂಥವರನ್ನು ಅದು ಕೆಲಸದಿಂದಲೇ ತೆಗೆದುಹಾಕಿದೆ. ನೋಡಲು ಚಂದವಾದ ಚಿತ್ರ. ನಮ್ಮ ಮೇಲಿನ ಆಕಾಶವೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ, ಅಷ್ಟೆ.

ಹೊಸಬರು ಯಾವುದನ್ನು ಕೊಳ್ಳಲಿ ಎಂದು ಕೇಳಿದಾಗ ನಾನು ಮೊದಲ ಒಂದು ವರ್ಷ ಡಬ್ಬ ಎನ್ನುತ್ತೇನೆ. ಹನ್ನೆರಡು ತಿಂಗಳಲ್ಲಿ ಇಪ್ಪತ್ತೇಳು ನಕ್ಷತ್ರವೂ ಒಂದು ಸುತ್ತು ಬಂದು ಹೋಗುತ್ತವೆ, ಮುಖಪರಿಚಯವಾಗುತ್ತದೆ. ಆಮೇಲೆ ಗೋಟು ಕೊಂಡರೆ ಅದು ಕೃತ್ತಿಕೆಯನ್ನು ಸ್ವಾತಿ ಎಂದಾಗ ನಗಬಹುದು.

ಈ ಸಲಹೆಯನ್ನು ಬೆಂಗಳೂರಿನವರಿಗೆ ಹೇಳಲು ಮಾತ್ರ ಈಚೆಗೆ ನಾಲಿಗೆ ಹೊರಳುವುದಿಲ್ಲ. ಕಲ್ಲಿಂದ ಕಲ್ಲಿಗೆ ಜಿಗಿ ಎಂದರೆ ಹೊಳೆಯಲ್ಲಿ ಕಲ್ಲಾದರೂ ಇರಬೇಕಲ್ಲ. ನಗರದ ನಡುವಿನ ಮಹಡಿಯಿಂದ ಚೌಕದ ನಾಲ್ಕು ಮೂಲೆ ಹೇಗೋ ಕಂಡೀತು, ಮೀರಾಕ್ ಕಂಡೀತು. ಮ್ಯೂ, ನ್ಯೂ ಎರಡನ್ನೂ ಬೀದಿದೀಪ ನುಂಗಿಬಿಟ್ಟಿದೆ. ಉತ್ತರ ದಿಕ್ಕನ್ನಾದರೂ ಗುರುತಿಸೋಣ ಎಂದರೆ ನಮ್ಮ ಅಕ್ಷಾಂಶದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ ಹದಿಮೂರು ಡಿಗ್ರಿ ಮೇಲಿರುತ್ತದೆ, ಅದು ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ಕೈಯಿಂದ ಹುಡುಕುವ ಕಲೆಯನ್ನು ಕಂಪ್ಯೂಟರ್ ಕೊಂದಿತು ಎಂದು ಹಳೆಯ ಹವ್ಯಾಸಿಗಳು ಗೊಣಗುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಕೊಂದದ್ದು ದೀಪ. ನಕ್ಷತ್ರಗಳಿಲ್ಲದ ಆಕಾಶದಲ್ಲೂ ದಾರಿ ಕಾಣುವುದು ಲೆಕ್ಕ ಬಲ್ಲ ಯಂತ್ರಕ್ಕೆ ಮಾತ್ರ. ಹಾಗಾಗಿ ನಗರದವರು ಗೋಟು ಹಿಡಿದರು. ಊರುಗೋಲನ್ನು ಬೈದು ಪ್ರಯೋಜನವೇನು, ಕಾಲು ಮುರಿದದ್ದು ಯಾರು ಎಂದು ಕೇಳಬೇಕು.

ಕಳೆದ ವರ್ಷ ಮತ್ತೆ ಆ ಹಳ್ಳಿ ಶಾಲೆಗೆ ಹೋಗಿದ್ದೆ. ಗೇಟಿನ ಬಳಿ ಹೈಮಾಸ್ಟ್ ದೀಪ ಬಂದಿದೆ, ಎತ್ತರದ ಕಂಬದ ತುದಿಯಲ್ಲಿ ಸುತ್ತಲೂ ಬೆಳ್ಳನೆಯ ಎಲ್‌ಇಡಿ. ಊರಿಗೆ ಅದರ ಹೆಮ್ಮೆ, ಹಾವು ಚೇಳಿನ ಭಯ ಇಲ್ಲವಾಯಿತು ಎನ್ನುತ್ತಾರೆ, ಅದೂ ನಿಜವೇ. ದೀಪದ ತಲೆಗೊಂದು ಟೋಪಿ ಹಾಕಿ ಬೆಳಕನ್ನು ನೆಲಕ್ಕೆ ಬಗ್ಗಿಸಿದ್ದರೆ ಹಾವೂ ಕಾಣುತ್ತಿತ್ತು, ನಕ್ಷತ್ರವೂ ಕಾಣುತ್ತಿತ್ತು. ಅಂಗಳದಲ್ಲಿ ನಿಂತು ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದೆ. ಮ್ಯೂ ಕಂಡೂ ಕಾಣದ ಹಾಗಿತ್ತು. ನ್ಯೂ ಇರಲಿಲ್ಲ.

ನಿಮ್ಮ ಊರಿನಲ್ಲಿ ಆ ಎರಡೂ ಇನ್ನೂ ಬರಿಗಣ್ಣಿಗೆ ಕಾಣುತ್ತಿದ್ದರೆ, ಬರುವ ಕಾರ್ತಿಕ ಅಮಾವಾಸ್ಯೆಗೆ ಮಕ್ಕಳನ್ನು ಕರೆದುಕೊಂಡು ಹೊಲದ ಕಡೆ ನಡೆಯಿರಿ. ಚೌಕ ಹಿಡಿಯಿರಿ, ಮೀರಾಕ್‌ಗೆ ಹೋಗಿ, ವಾಯವ್ಯಕ್ಕೆ ತಿರುಗಿ. ಟೆಲಿಸ್ಕೋಪೇ ಬೇಕೆಂದಿಲ್ಲ, ಸಾಧಾರಣ ಬೈನಾಕ್ಯುಲರ್ ಸಾಕು.