ಯಾರೂ ಇಲ್ಲದ ಜಾಗ

ಹೋದ ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದಾಗ ಗೆಳೆಯರ ಜೊತೆ ಮಡೆನೂರಿಗೆ ಹೋಗಿದ್ದೆ. ನೀರೊಳಗಿಂದ ಎದ್ದು ಕಾಣುವ ಹಳೆಯ ಹಿರೇಭಾಸ್ಕರ ಅಣೆಕಟ್ಟಿನ ಹತ್ತಿರ ನಿಂತು ಫೋಟೋ ತೆಗೆಸಿಕೊಂಡು, ‘ಯಾರೂ ಇಲ್ಲದ ಜಾಗ’ ಎಂದು ಬರೆದು ಹಾಕಿದೆ. ತುಂಬಾ ಲೈಕು ಬಂದವು. 1964ರ ಹೊತ್ತಿಗೆ ಅದೇ ನೀರು ಏರಿದಾಗ ಊರು ಬಿಟ್ಟ ಸಂಸಾರಗಳಲ್ಲಿ ನನ್ನ ಅಜ್ಜಿಯದೂ ಒಂದು. ಆಗ ಅವಳಿಗೆ ಹದಿನಾರು. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಬರೆಯುವಾಗ ನೆನಪಾಗಲಿಲ್ಲ, ಅಷ್ಟೆ. ಆ ‘ಅಷ್ಟೆ’ ಈಚೆಗೆ ನನ್ನನ್ನು ಕಾಡುತ್ತಿದೆ.

ಕಾಡಲು ಕಾರಣ ಒಂದು ಭಾನುವಾರ. ಕಣ್ಣು ತೋರಿಸಲು ಬೆಂಗಳೂರಿಗೆ ಬಂದಿದ್ದ ಅಜ್ಜಿ, ರಾತ್ರಿ ಸಾಗರದ ಬಸ್ಸು ಹತ್ತುವ ಮೊದಲು ಊರು ನೋಡಬೇಕು ಎಂದಳು. ನಗರದ ಕೆರೆಗಳ ಮೇಲೆ ನಾಲ್ಕು ವರ್ಷದಿಂದ ಪ್ರಬಂಧ ಬರೆಯುತ್ತಿರುವವನು ನಾನು. ತೋರಿಸಲು ನನಗಿಂತ ತಕ್ಕವರು ಯಾರು ಎಂದುಕೊಂಡೆ. ಲಾಲ್‌ಬಾಗಿನಲ್ಲಿ ಶುರುಮಾಡಿದೆ. 1760ರಲ್ಲಿ ಹೈದರಾಲಿ, 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲಿಟ್ಟ ಬ್ರಿಟಿಷ್ ರಾಜಕುಮಾರ, ಕೆಂಪೇಗೌಡ ಗೋಪುರದ ಕೆಳಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅಜ್ಜಿ ಬಂಡೆಯ ಮೇಲೆ ಕೂತು ಅಂಗೈ ಊರಿ, ‘ಬಿಸಿ ಹಿಡ್ಕೊಂಡಿದೆ’ ಎಂದಳು. ಚಪ್ಪಲಿ ಬಿಚ್ಚಿಟ್ಟು ಬಹಳ ಹೊತ್ತು ಹಾಗೇ ಕೂತಿದ್ದಳು. ನನಗೆ ಅವಸರ.

ಕಂಠೀರವ ಕ್ರೀಡಾಂಗಣದ ಎದುರು ಆಟೋ ನಿಲ್ಲಿಸಿ, ಇಲ್ಲಿ ಸಂಪಂಗಿ ಕೆರೆಯಿತ್ತು, ಕರಗದ ಪೂಜೆಗೆ ಬೇಕಾದ ಒಂದು ಸಣ್ಣ ಕೊಳ ಮಾತ್ರ ಉಳಿದಿದೆ ಎಂದೆ. ಕೋರಮಂಗಲದಲ್ಲಿ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಮನೆ ಕಟ್ಟಿದ್ದೂ ಕೆರೆಯ ಮೇಲೆಯೇ ಎಂದೆ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: ‘ಅಲ್ಲ ಮಾರಾಯ, ನೀನು ನನ್ನ ಕರ್ಕೊಂಡು ಬಂದಿದ್ದು ಊರು ತೋರ್ಸಕ್ಕೋ, ಸೂತಕದ ಸುದ್ದಿ ಹೇಳಕ್ಕೋ?’

ಆಟೋದವರು ನಕ್ಕರು. ನಾನೂ ನಕ್ಕೆ, ಆದರೆ ಮಾತು ಚುಚ್ಚಿತು. ಚಂದವನ್ನು ನೋಡುವ ಮೊದಲು ಅದಕ್ಕೆ ಯಾರು ಬೆಲೆ ತೆತ್ತರು ಎಂದು ಕೇಳಲೇಬೇಕು ಎಂಬುದು ನಮ್ಮ ವಿಭಾಗದ ಸೆಮಿನಾರುಗಳಲ್ಲಿ ಹೆಚ್ಚುಕಡಿಮೆ ಮಡಿಯಂತೆ ನಡೆಯುತ್ತದೆ. ಕೇಳಿದವನು ಶುದ್ಧ, ಕೇಳದೆ ಐಸ್‌ಕ್ರೀಂ ತಿಂದವನು ಪಾಪಿ. ಆದರೆ ಕೇಳಿದ್ದರಿಂದ ಕೆರೆಗೆ ಒಂದು ಹನಿ ನೀರೂ ಮರಳುವುದಿಲ್ಲ. ಕೇಳಿದವನಿಗೆ ಮಾತ್ರ ತಾನು ಉಳಿದವರಂತಲ್ಲ ಎಂಬ ಸಮಾಧಾನ ಸಿಗುತ್ತದೆ. ಅದೂ ಒಂದು ಬಗೆಯ ಪ್ರವಾಸವೇ. ಇನ್ನೊಬ್ಬರ ನಷ್ಟವನ್ನು ಸುತ್ತಿ ನೋಡಿ ಬರುವುದು.

ಹಾಗಂತ ಸುಮ್ಮನೆ ನೋಡಿದರಾಯಿತು ಎನ್ನಲೂ ಆಗಲಿಲ್ಲ, ಆ ಸಂಜೆ.

ಭಾನುವಾರವಾದ್ದರಿಂದ ವಿಧಾನಸೌಧಕ್ಕೆ ದೀಪ ಹಾಕಿದ್ದರು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ್ದು, 1956ರಲ್ಲಿ ಮುಗಿದದ್ದು ಎಂಬುದನ್ನೆಲ್ಲ ನಾನು ಈ ಸಲ ಹೇಳಲಿಲ್ಲ. ಅಜ್ಜಿ ಬೇಲಿಯ ಕಂಬಿ ಹಿಡಿದು ನಿಂತು, ಹೊಸದಾಗಿ ಹಾಕಿಸಿದ ಕನ್ನಡಕವನ್ನು ಎರಡು ಸಲ ಒರೆಸಿ ನೋಡಿದಳು. ಆಮೇಲೆ ಕೇಳಿದಳು: ‘ಇದು ನಮ್ಮ ಕರೆಂಟಾ?’

ಅವಳ ಹೊಸ ಊರಿಗೆ ವಿದ್ಯುತ್ ಬಂದದ್ದು ಅಪ್ಪನ ಮದುವೆಯಾದ ಮೇಲೆ. ಅಲ್ಲಿಯವರೆಗೆ ಮನೆ ಬಿಟ್ಟುಕೊಟ್ಟವರು ಚಿಮಣಿ ದೀಪದಲ್ಲೇ ಇದ್ದರು. ಶರಾವತಿಯದು, ಕಲ್ಲಿದ್ದಲಿನದು, ಬಿಸಿಲಿನದು ಎಲ್ಲ ಈಗ ಒಂದೇ ಜಾಲದಲ್ಲಿ ಸೇರಿ ಹರಿಯುತ್ತವೆ, ಯಾವ ದೀಪಕ್ಕೆ ಯಾವುದು ಎಂದು ಬೇರ್ಪಡಿಸಲಾಗದು ಎಂದು ವಿವರಿಸಿದೆ. ಅವಳು ತಲೆಯಾಡಿಸಿ, ‘ಸ್ವಲ್ಪ ನಮ್ಮದೂ ಇರ್ತದೆ’ ಎಂದಳು. ಆ ದನಿಯಲ್ಲಿ ದೂರಿರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಮದುವೆಯ ಊಟದಲ್ಲಿ ತಾನು ಕೊಟ್ಟ ಬಾಳೆಲೆಯನ್ನು ಗುರುತಿಸಿದವಳ ಹಾಗಿತ್ತು. ಮತ್ತೆ ದೀಪದ ಕಡೆ ತಿರುಗಿ, ‘ಎಷ್ಟು ಚಂದ ಕಾಣ್ತದೆ’ ಎಂದಳು.

ಚಂದ ಎನ್ನಲು ಅವಳಿಗೆ ಅಡ್ಡಿಯಿರಲಿಲ್ಲ. ಹಿನ್ನೀರೂ ಚಂದವೇ, ನಾನು ಅಲ್ಲಿ ಖುಷಿಪಟ್ಟಿದ್ದನ್ನು ಅವಳು ತಪ್ಪೆನ್ನುತ್ತಿರಲಿಲ್ಲ ಅನಿಸುತ್ತದೆ. ನನಗೆ ಈಗ ತಪ್ಪೆಂದು ಕಾಣುವುದು ಆ ಮೂರು ಪದ. ಸರ್ವೆ ನಕ್ಷೆಯಲ್ಲಿ ‘ಮುಳುಗಡೆ ಪ್ರದೇಶ’ ಎಂದು ಬಣ್ಣ ಬಳಿದಾಗ ಜನ ಅದರೊಳಗೆ ಉಣ್ಣುತ್ತಿದ್ದರು, ಮಲಗುತ್ತಿದ್ದರು. ಅರವತ್ತು ವರ್ಷದ ಮೇಲೆ, ಅವರಲ್ಲೊಬ್ಬಳ ಮೊಮ್ಮಗ ಅದೇ ಕೆಲಸವನ್ನು ಪುಕ್ಕಟೆ ಮಾಡಿದ್ದೆ.

ರಾತ್ರಿ ಮೆಜೆಸ್ಟಿಕ್‌ಗೆ ಬಂದಾಗ ಬಸ್ಸಿಗಿನ್ನೂ ಹೊತ್ತಿತ್ತು. ಇದೂ ಕೆರೆಯೇನೋ ಎಂದು ಅಜ್ಜಿಯೇ ಕೇಳಿದಳು. ಹೌದು, ಧರ್ಮಾಂಬುಧಿ ಎಂದೆ. ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು, ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ, ನೆಲದ ಇಳಿಜಾರನ್ನು ಹುಡುಕುವಂತೆ ಎಡಕ್ಕೂ ಬಲಕ್ಕೂ ನೋಡಿದಳು.

‘ಏರಿ ಯಾವ ಕಡೆಗಿತ್ತು?’

ನಕ್ಷೆಗಳನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ನಿಂತು ಕೈ ತೋರಿಸಲು ನನಗೆ ಆಗಲಿಲ್ಲ.